ಬಾಗಿಲಿಟ್ಟ ದೋಣಿಯ ಊರು

ಮಸ್ಕತ್, ವಿಮಾನ ಇಳಿದ ಮೇಲೆ

ಕುಂದಾಪುರದಿಂದ ಗಂಗೊಳ್ಳಿಗೆ ಹಾಯಿ ಕಟ್ಟಿ, ಹಚ್ಚಿದ ಬೀಡಿ ಆರುವುದರೊಳಗೆ ಹೊಳೆ ದಾಟಿದ ಬಚ್ಚಣ್ಣ ನಾನು. ನಂಬಿಕೆ ಇಲ್ಲದವರು ಗಂಗೊಳ್ಳಿಯಲ್ಲಿ ವಿಚಾರಿಸಬಹುದು. ಅಲ್ಲಿಯೂ ಯಾರೂ ನಂಬುವುದಿಲ್ಲ, ಅದು ಬೇರೆ ಮಾತು. ಅಂಥವನು ಮೊದಲ ಸಲ ಸಮುದ್ರ ದಾಟಿದ್ದು ವಿಮಾನದಲ್ಲಿ, ಸೊಂಟಕ್ಕೆ ಪಟ್ಟಿ ಬಿಗಿಸಿಕೊಂಡು, ಕಿಟಕಿಯ ಪಕ್ಕವೂ ಸಿಗದೆ. ಕೆಳಗೆ ಅಷ್ಟು ದೊಡ್ಡ ಸಮುದ್ರ ಇತ್ತಂತೆ. ನನಗೆ ಕಂಡದ್ದು ಎದುರು ಸೀಟಿನವನ ಬೋಳುತಲೆ.

ಮಸ್ಕತ್ತಿನಲ್ಲಿ ಚೀಲ ಪರೀಕ್ಷೆ ಮಾಡುವ ಅಧಿಕಾರಿ ಒಣ ಸಿಗಡಿಯ ಪೊಟ್ಟಣ ಬಿಚ್ಚಿ ಮೂಸಿದ, ನಕ್ಕ, ಬದಿಗಿಟ್ಟ. ಅವರದ್ದೂ ಮೀನಿನ ಊರೇ. ಆಮೇಲೆ ಚೀಲದ ತಳದಲ್ಲಿ ಹಗ್ಗ ಸಿಕ್ಕಿತು. ನಗು ನಿಂತಿತು. ತೆಂಗಿನ ನಾರಿನ ಹಗ್ಗ, ನಮ್ಮನೆ ಒಲೆಯ ಮೇಲಿನ ಅಟ್ಟದಲ್ಲಿ ನೇತಾಡಿ ಹೊಗೆ ಕುಡಿದು ಕಪ್ಪಾದದ್ದು, ಅಲ್ಲಲ್ಲಿ ಗಂಟು ಬೇರೆ. ಗಂಟು ಹಾಕಿದ ಹಗ್ಗ ಅಂದರೆ ಅಲ್ಲಿಯವರಿಗೆ ಮಾಟದ ಸಾಮಾನು ಅಂತ ನನಗೇನು ಗೊತ್ತು? ನಮ್ಮಲ್ಲಿ ಮಾಟಕ್ಕೆ ಲಿಂಬೆಹಣ್ಣಾದರೂ ಬೇಕು.

ಅದು ದೋಣಿಯ ಅಳತೆ. ನಮ್ಮ ಕಡೆ ಸಣ್ಣ ಹಾಯಿದೋಣಿ ಕಟ್ಟುವ ಆಚಾರಿಗಳು ಕಾಗದದಲ್ಲಿ ಗೆರೆ ಎಳೆದವರಲ್ಲ. ದೋಣಿ ಬಿಡುವವನನ್ನು ನಿಲ್ಲಿಸಿ, ಎರಡೂ ಕೈ ಅಗಲಿಸಿ, ಒಂದು ಬೆರಳ ತುದಿಯಿಂದ ಇನ್ನೊಂದು ಬೆರಳ ತುದಿಗೆ ಒಂದು ಮಾರು ಹಗ್ಗ ಹಿಡಿಯುತ್ತಾರೆ. ಎದೆಗುಳಿಯ ಹತ್ತಿರ ಒಂದು ಗಂಟು. ಅಂಥ ಮೂರು ಮಾರು ದೋಣಿಯ ಉದ್ದ. ಆಮೇಲೆ ಎದೆಗೆ ಹಗ್ಗ ಸುತ್ತಿ ಉಸಿರು ಎಳೆದಾಗ ಒಂದು ಗಂಟು, ಬಿಟ್ಟಾಗ ಒಂದು ಗಂಟು. ಆ ಎರಡು ಗಂಟಿನ ನಡುವೆ ಎಷ್ಟು ಸಂದು ಇದೆಯೋ ಅಷ್ಟು ದೋಣಿಯ ಪಕ್ಕೆ ಹೊರಗೆ ಬಾಗಬೇಕು. ಹಾಗಾಗಿ ನನ್ನ ದೋಣಿ ನನಗೇ ಸರಿ, ನಿಮ್ಮದು ನಿಮಗೇ. ದೋಣಿ ಹಾಳಾದರೆ ಹಗ್ಗ ಇರುತ್ತದೆ, ಮತ್ತೆ ಕಟ್ಟಿಸಬಹುದು.

ಇದನ್ನೆಲ್ಲ ಅರಬ್ಬಿಯಲ್ಲಿ ಹೇಳುವುದು ಹೇಗೆ? ನನ್ನ ಬಲಭುಜ ಕೆಲವು ವರ್ಷದಿಂದ ನನ್ನ ಮಾತು ಕೇಳುವುದಿಲ್ಲ, ಹಾಗಾಗಿ ನನ್ನ ಮೈಮೇಲೆ ತೋರಿಸುವ ಬದಲು ಅಧಿಕಾರಿಯನ್ನೇ ಸನ್ನೆ ಮಾಡಿ ನಿಲ್ಲಿಸಿದೆ. ಪುಣ್ಯಾತ್ಮ, ಬಿಳಿ ನಿಲುವಂಗಿಯಲ್ಲಿ ಎರಡೂ ಕೈ ಅಗಲಿಸಿಯೇ ಬಿಟ್ಟ! ಅಳೆದೆ. ಎದೆಗೆ ಸುತ್ತಿ ಉಸಿರು ಎಳೆಯಲು ಹೇಳಿದೆ, ಎಳೆದ. ಕೈಯಿಂದ ಅಲೆ, ಹಾಯಿ, ಗಾಳಿ ಎಲ್ಲ ಮಾಡಿ ತೋರಿಸಿದೆ. ಅವನಿಗೆ ತಿಳಿಯಿತು. ಪಕ್ಕದ ಮೇಜಿನವನೂ ಬಂದು ಕೈ ಅಗಲಿಸಿದ. ನನ್ನ ಹಿಂದಿನ ಸಾಲು ಬಾಗಿಲವರೆಗೆ ಬೆಳೆದು ನನ್ನ ವಂಶವನ್ನೇ ಬೈಯುತ್ತಿತ್ತು.

ಹೊರಗೆ ತಂಗಿಯ ಮಗ ಗಣೇಶ ಕಾದು ಕಾದು ಬೆವರಿದ್ದ. ಅವನು ಅಲ್ಲಿ ಸಣ್ಣ ಹೋಟೆಲು ಇಟ್ಟುಕೊಂಡಿದ್ದಾನೆ.

"ಎಂತ ಮಾವ, ಇಷ್ಟೊತ್ತ್ ಎಂತ ಮಾಡ್ಕಂಡಿದ್ರಿ ಒಳ್ಗೆ?"

"ನಿಮ್ಮೂರ ಅಧಿಕಾರಿಗ್ ಒಂದ್ ದೋಣಿ ಅಳತಿ ತಕಂಡೆ. ಹಲಗಿ ನೀನ್ ತಕಂಡ್ ಬಾ."

"ನಿಮ್ಮನ್ ಕರ್ಸಿದ್ದೇ ತಪ್ಪಾಯ್ತ್ ಮರ್ರೆ!"

ಸೂರಿನ ದಾರಿ

ಗಣೇಶನಿಗೆ ದೊಡ್ಡ ಮಸೀದಿ, ಕೋಟೆ, ತಂಪು ಗಾಳಿಯ ಅಂಗಡಿಗಳನ್ನು ತೋರಿಸುವ ಆಸೆ. ನಾನು ಒಂದೇ ಹಠ ಹಿಡಿದೆ: ಸೂರ್ ಎಂಬ ಊರಿಗೆ ಹೋಗಬೇಕು.

"ಅಲ್ಲ್ ಎಂತ ಇತ್ತ್ ಮಾವ? ಬಿಸ್ಲ್ ಬಿಟ್ರೆ ಎಂತದೂ ಇಲ್ಲೆ."

"ನನ್ನ ದೋಣಿ ಇತ್ತ್."

"ನಿಮ್ಮ ದೋಣಿ ಊರಂಗೆ, ಕೋಡಿ ದಂಡಿ ಮೇಲೆ ಗೆದ್ಲ್ ಹಿಡ್ದ್ ಹೋಯ್ತಲೆ!"

"ಅದ್ ಹಳ್ತ್. ಇದ್ ಹೊಸ್ತ್. ಇನ್ನೂ ಕಟ್ಲಿಲ್ಲೆ, ಅಷ್ಟೆ."

ದಾರಿಯುದ್ದಕ್ಕೂ ಒಂದು ಬದಿ ಸಮುದ್ರ, ಇನ್ನೊಂದು ಬದಿ ಬೋಳುಗುಡ್ಡ. ನಮ್ಮ ಮರವಂತೆಯಲ್ಲಿ ರಸ್ತೆಯ ಆಚೆ ಕಡಲು, ಈಚೆ ಹೊಳೆ, ನಡುವೆ ಬಸ್ಸಿನವನ ಹಾರನ್ನು. ಇಲ್ಲಿ ಹಾರನ್ನೂ ಇಲ್ಲ. ಹಸಿರೆಂದರೆ ರಸ್ತೆಬದಿಯ ಹೆಸರುಫಲಕ ಮಾತ್ರ. ಇಂಥ ಊರಿನಲ್ಲಿ ಒಂದೇ ಒಂದು ಹಲಗೆಯ ಮರವೂ ಬೆಳೆಯುವುದಿಲ್ಲ, ಆದರೂ ದೋಣಿ ಕಟ್ಟುತ್ತಾರೆ. ನಮ್ಮಲ್ಲಿ ಹೆಬ್ಬಲಸು ಬೆಳೆಯುತ್ತದೆ, ದೋಣಿ ಕಟ್ಟುವವರಿಲ್ಲ.

ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟಾದ ಮೇಲೆ, ಮೀನಿನ ಕೆಲಸ ಮುಗಿದ ಸಂಜೆಗಳಲ್ಲಿ, ನಮ್ಮ ಹೊಳೆಬಾಯಿಯಲ್ಲಿ ಹಾಯಿದೋಣಿಯ ಓಟ ಇರುತ್ತಿತ್ತು. ಕಪ್ಪಿಲ್ಲ, ಶಾಲಿಲ್ಲ, ಭಾಷಣವಿಲ್ಲ. ಸೋತವನು ಗೆದ್ದವನ ದೋಣಿ ತೊಳೆಯಬೇಕು. ದೋಣಿ ತೊಳೆಯುವುದು ಹೇಗೆಂದು ನಾನು ಕಲಿಯಲೇ ಇಲ್ಲ, ಅವಕಾಶ ಬರಲಿಲ್ಲ. ಎದುರಾಳಿಯ ದೋಣಿಯ ಅಡಿಗೆ ತೆಂಗಿನ ಮಡಲು ಕಟ್ಟಿ ಓಟ ನಿಧಾನ ಮಾಡಿದವನು ನಾನೇ ಎಂದು ಕೆಲವರು ಇವತ್ತಿಗೂ ಹೇಳುತ್ತಾರೆ. ಸಾಕ್ಷಿ ಇಲ್ಲ.

ಆ ದೋಣಿಗಳಲ್ಲಿ ಮುಕ್ಕಾಲು ಪಾಲು ಶೀನಾಚಾರಿಯ ಕೈಯಿಂದ ಬಂದದ್ದು. ನನ್ನ ದೋಣಿ ಮಿಂಚುಳ್ಳಿಯೂ ಅವನದ್ದೇ. ಆಮೇಲೆ ಇಂಜಿನು ಬಂತು. ಆಮೇಲೆ ಫೈಬರ್ ಬಂತು, ಬಕೆಟ್ ತಂದ ಹಾಗೆ ದೋಣಿ ತರತೊಡಗಿದರು. ಬೈಂದೂರಿನ ಅಳಿವೆಯ ಬದಿ ದೋಣಿ ಕಟ್ಟುತ್ತಿದ್ದ ಚಪ್ಪರ ಬಿತ್ತು. ಬ್ರಹ್ಮಾವರದ ಕಡೆ ಹೊಳೆಗೆ ಮರಳು ತೆಗೆಯುವವರು ಇಳಿದರು. ಕುಂದಾಪುರದ ಬದಿಯ ಕೋಡಿಯಲ್ಲಿ ಶೀನನ ಚಪ್ಪರ ಇದ್ದ ಜಾಗದಲ್ಲಿ ಈಗ ಮಂಜುಗಡ್ಡೆಯ ಪೆಟ್ಟಿಗೆ ಪೇರಿಸಿಟ್ಟಿದ್ದಾರೆ. ತೊಂಬತ್ತೆಂಟರ ಮಳೆಗಾಲ ಮುಗಿದ ಕೂಡಲೇ ಶೀನ ಉಳಿ, ಬಾಚಿ ಕಟ್ಟಿಕೊಂಡು ಗಲ್ಫಿಗೆ ಹೋದ, ಈ ಸೂರಿನಲ್ಲಿ ದೋಣಿ ಕಟ್ಟುವ ಕೆಲಸಕ್ಕೆ. ಅವನು ಹೋದ ಮೇಲೆ ದೋಣಿ ಒಂದೊಂದೇ ಸೋರಿತು. ಸೋರಿದ್ದನ್ನು ತೆಂಗಿನ ಬುಡಕ್ಕೆ ಎಳೆದು ಹಾಕಿದರು. ಕಡೆಗೆ ನೀರಿನ ಮೇಲೆ ಉಳಿದದ್ದು ನನ್ನದೊಂದೇ. ಒಂದೇ ದೋಣಿಯ ಓಟದಲ್ಲಿ ಎರಡು ವರ್ಷ ನಾನೇ ಗೆದ್ದೆ. ಮೂರನೆಯ ವರ್ಷ ಅದಕ್ಕೂ ಗೆದ್ದಲು ಹಿಡಿಯಿತು.

ಈಗಲೂ ನಮ್ಮ ಹೊಳೆಗೆ ಪೇಟೆಯವರು ಬರುತ್ತಾರೆ. ಕಿತ್ತಳೆ ಬಣ್ಣದ ಅಂಗಿ ಹಾಕಿ, ಹಳದಿ ಪ್ಲಾಸ್ಟಿಕ್ಕಿನಲ್ಲಿ ಕುಳಿತು, ಮೊಣಕಾಲು ನೀರಿನಲ್ಲಿ 'ಬೋಟಿಂಗ್' ಮಾಡುತ್ತಾರೆ. ಫೋಟೋ ತೆಗೆದಾದ ಮೇಲೆ ಇಳಿಯುತ್ತಾರೆ. ಅದು ಎಲ್ಲಿಗೂ ಹೋಗುವುದಿಲ್ಲ. ಹೋಗಬೇಕೆಂದು ಯಾರಿಗೂ ಇಲ್ಲ.

ನನಗೆ ಬೇಕಾದದ್ದು ಇಷ್ಟೇ. ಶೀನ ಊರಿಗೆ ಬಂದು ಒಂದೇ ಒಂದು ಹಾಯಿದೋಣಿ ಕಟ್ಟಿಕೊಡಬೇಕು, ನಾನು ಬದುಕಿರುವಾಗ ಆ ಹೊಳೆಯಲ್ಲಿ ಒಂದು ಹಾಯಿ ಏಳಬೇಕು. ಅದಕ್ಕೇ ಹಗ್ಗ ಹೊತ್ತು ಬಂದದ್ದು.

ಸೂರ್, ಕಡಲ ದಂಡೆ

ಬಿಳಿ ಮನೆಗಳು, ಕೆತ್ತನೆಯ ಬಾಗಿಲುಗಳು, ಊರೊಳಗೆ ನುಗ್ಗಿದ ಕಡಲಿನ ತೋಳು. ಸಂಜೆಯಾದರೆ ಮುದುಕರೆಲ್ಲ ದಂಡೆಯಲ್ಲಿ ಚಾಪೆ ಹಾಸಿ ಸಮುದ್ರಕ್ಕೆ ಮುಖ ಮಾಡಿ ಕೂರುತ್ತಾರೆ. ನಮ್ಮಲ್ಲಿ ದಂಡೆಯಲ್ಲಿ ಕೂರುವವರು ರಸ್ತೆಗೆ ಮುಖ ಮಾಡುತ್ತಾರೆ, ಯಾರ ಮಗಳು ಯಾವ ಬಸ್ಸಿನಿಂದ ಇಳಿದಳೆಂದು ನೋಡಬೇಕಲ್ಲ.

ಒಬ್ಬ ಬಿಳಿಗಡ್ಡದವನು ಕರೆದು ಖರ್ಜೂರ ಕೊಟ್ಟ. ಚಿಟಿಕೆಯಷ್ಟು ದೊಡ್ಡ ಲೋಟದಲ್ಲಿ ಕಾಫಿ. ಕುಡಿದಿಟ್ಟರೆ ಮತ್ತೆ ಹೊಯ್ಯುತ್ತಾರೆ, ಸಾಕೆಂದರೆ ಲೋಟ ಅಲ್ಲಾಡಿಸಬೇಕು, ಆಗ ನಿಲ್ಲಿಸುತ್ತಾರೆ. ನಮ್ಮ ಊಟದಲ್ಲಿ ಎರಡೂ ಕೈ ಎಲೆಗೆ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಪಾಯಸ ಹೊಯ್ಯುತ್ತಾರೆ. ಇಲ್ಲಿಯವರದ್ದು ಮರ್ಯಾದೆ, ನಮ್ಮದು ಪ್ರೀತಿ ಎಂದು ಗಣೇಶನಿಗೆ ಹೇಳಿದೆ. ಅವನು ಎರಡೂ ಅಲ್ಲ, ಅಭ್ಯಾಸ ಎಂದ.

ಮುದುಕನಿಗೆ ಹರಕು ಹಿಂದಿ ಬರುತ್ತಿತ್ತು. ಹರೆಯದಲ್ಲಿ ಹಾಯಿಹಡಗಿನಲ್ಲಿ ಮುಂಬೈ, ಮಂಗಳೂರು ಎಲ್ಲ ಕಂಡವನಂತೆ. ಮರಕ್ಕೆ, ಹೆಂಚಿಗೆ ಬರುತ್ತಿದ್ದರಂತೆ.

"ನಿಮ್ಮ ಕಡೆ ಒಳ್ಳೆಯ ಬಡಗಿಗಳಿದ್ದರು. ಈಗ ಇದ್ದಾರಾ?" ಎಂದು ಕೇಳಿದ.

"ಎಲ್ಲ ನಿಮ್ಮಲ್ಲೇ ಇದ್ದಾರೆ," ಎಂದೆ. "ನಿಮ್ಮ ಕಡೆ ಹಾಯಿ ಬಿಡುವವರಿದ್ದರಲ್ಲ, ಅವರೆಲ್ಲಿ?"

ಅವನು ರಸ್ತೆಯಲ್ಲಿ ಸಾಲಾಗಿ ನಿಂತ ಕಾರುಗಳ ಕಡೆ ಗದ್ದ ಎತ್ತಿ ತೋರಿಸಿ, ಲೋಟ ಅಲ್ಲಾಡಿಸಿ ಕೆಳಗಿಟ್ಟ.

ಸೂರ್, ದೋಣಿ ಕಟ್ಟುವ ಅಂಗಳ

ಮರುದಿನ ಬೆಳಿಗ್ಗೆ ಆ ಅಂಗಳಕ್ಕೆ ಹೋದೆವು. ನಮ್ಮ ಮನೆಗಿಂತ ಎತ್ತರದ ಒಂದು ಹಡಗು ಮರಳಿನ ಮೇಲೆ ನಿಂತಿತ್ತು. ಅಟ್ಟಣಿಗೆಯ ಮೇಲೆ ಒಬ್ಬ, ಬೆನ್ನು ನಮ್ಮ ಕಡೆ, ಹಲಗೆಗೆ ಕೊಡತಿ ಬಡಿಯುತ್ತಿದ್ದ. ಆ ಬೆನ್ನು ನನಗೆ ಗೊತ್ತು. ಗಣೇಶನನ್ನು ಸುಮ್ಮನಿರಿಸಿ ಹಿಂದೆ ಹೋಗಿ ಕೂಗಿದೆ:

"ಹ್ವಾಯ್ ಆಚಾರ್ರೆ! ಈ ಹಲಗಿ ಸೊಟ್ಟ ಕೂಕಂಡಿತ್ತ್!"

ಕೊಡತಿ ನಿಂತಿತು. ತಿರುಗದೆಯೇ ಉತ್ತರ ಬಂತು. "ಹಲಗಿ ಸಮ ಇತ್ತ್. ಸೊಟ್ಟ ಇಪ್ಪುದ್ ಬಚ್ಚಣ್ಣನ ಕಣ್ಣ್."

ಶೀನ ಇಳಿದು ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸತ್ತ್ ಹೋಯ್ರಿ ಅಂದ್ಕಂಡಿದ್ದೆ," ಎಂದ.

"ಹೋಯಿದ್ದೆ ಮಾರಾಯಾ. ದೋಣಿ ಇಲ್ದವ್ರನ್ ವೈತರಣಿ ದಾಟ್ಸುದಿಲ್ಲೆ ಅಂದ್ರ್. ಅದ್ಕೆ ನಿನ್ ಹತ್ರ ಬಂದದ್ದ್."

ಅವನು ನಕ್ಕ. ನಾನು ಹಡಗಿನ ಸುತ್ತ ಒಂದು ಸುತ್ತು ಬಂದೆ. ಪಕ್ಕೆಯಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಮನುಷ್ಯ ನೆಟ್ಟಗೆ ನಡೆದು ಹೋಗುವಷ್ಟು ದೊಡ್ಡ ಬಾಗಿಲು ಕೊರೆದಿತ್ತು. ಚೌಕಟ್ಟು, ಹೊಸ್ತಿಲು ಎಲ್ಲ ಇತ್ತು.

"ಇದೆಂತ ಶೀನ, ದೋಣಿಗ್ ಬಾಗ್ಲಾ?"

"ಹೋಟ್ಲಿಂದ್. ರಸ್ತಿ ಬದಿಗ್ ನಿಲ್ಸುದ್. ಜನ ಒಳ್ಗ್ ಹೋಯಿ ಕೂಕಂಡ್ ಉಂಬುದ್."

"ನೀರಿಗ್ ಇಳ್ಸುದಿಲ್ಲ್ಯಾ?"

"ಇಲ್ಲೆ."

ಹಲಗೆಗಳ ಸಂದಿಗೆ ಬೆರಳು ಆಡಿಸಿದೆ. ಕೂದಲೆಳೆಯೂ ನುಗ್ಗದ ಹಾಗೆ ಹತ್ತಿ ತುಂಬಿ, ಎಣ್ಣೆ ಕುಡಿಸಿ, ಉಜ್ಜಿ ನಯ ಮಾಡಿದ್ದ. ಮಿಂಚುಳ್ಳಿಗೆ ಮಾಡಿದ ಹಾಗೆಯೇ.

"ಮತ್ತೆ ಸಂದಿಗ್ ಹತ್ತಿ ಎಂತಕ್ಕ್ ತುಂಬಿದ್ದೆ?"

"ತುಂಬ್ದಿದ್ರೆ ನೀರ್ ಬತ್ತಲೆ!"

"ಬಾಗ್ಲಂಗೆ ಬತ್ತಿಲ್ಲ್ಯಾ?"

ಅವನು ಬಾಗಿಲನ್ನೂ ಸಂದಿಯನ್ನೂ ನೋಡಿದ. "ಬಾಗ್ಲ್ ಅವ್ರ್ದ್. ಸಂದಿ ನಂದ್," ಎಂದು ಬಾಯಿಯಲ್ಲಿದ್ದ ಎಲೆಯಡಿಕೆ ಉಗಿಯಲು ಹೋದ.

ಅಷ್ಟರಲ್ಲಿ ಯಾವುದೋ ಚಳಿದೇಶದ ಗಂಡ ಹೆಂಡತಿ ಕ್ಯಾಮೆರಾ ಹಿಡಿದು ಬಂದರು. ಬಿಸಿಲಿಗೆಂದು ಬೈರಾಸನ್ನು ತಲೆಗೆ ಸುತ್ತಿದ್ದ ನನ್ನನ್ನು ನೋಡಿ ಹಿಗ್ಗಿದರು. ಬಿಡುವವನಾ ನಾನು? ಹಡಗಿಗೆ ಒರಗಿ, ದೂರದ ತಾರೆಯನ್ನು ಹುಡುಕುವವನ ಹಾಗೆ ಕಣ್ಣು ಕಿರಿದು ಮಾಡಿ ನಿಂತೆ. ಈಗ ಹಿಮ ಬೀಳುವ ಯಾವುದೋ ಮನೆಯ ಗೋಡೆಯಲ್ಲಿ ನಾನು ಸೂರಿನ ಪ್ರಾಚೀನ ನಾವಿಕ. ಕುಂದಾಪುರದ ಮೀನುಪೇಟೆಯಲ್ಲಿ ನನ್ನ ಫೋಟೋ ತೆಗೆದವರಿಲ್ಲ.

ಸೂರ್, ಶೀನನ ಕೋಣೆ

ಮಧ್ಯಾಹ್ನ ಶೀನನ ಕೋಣೆಯಲ್ಲಿ ಕುಚ್ಚಿಗೆ ಅನ್ನ, ಬಂಗುಡೆ ಸಾರು. ಉಂಡು ಕೈ ತೊಳೆದ ಮೇಲೆ ಹಗ್ಗ ತೆಗೆದು ಅವನ ಮುಂದಿಟ್ಟೆ.

"ಒಂದ್ ದೋಣಿ. ಒಂದೇ. ರಜೆಗ್ ಊರಿಗ್ ಬಾ, ಕಟ್ಟ್ ಕೊಡ್."

ಅವನು ಹಗ್ಗ ಎತ್ತಿ ಮೂಸಿದ. "ನಿಮ್ಮನಿ ಒಲಿ ಹೊಗಿ," ಎಂದ. ಒಂದೊಂದೇ ಗಂಟನ್ನು ಹೆಬ್ಬೆರಳಲ್ಲಿ ಮುಟ್ಟಿ ಮುಂದೆ ಹೋದ. "ಇದ್ ಹಳಿ ಬಚ್ಚಣ್ಣನ ಅಳತಿ. ಅವ ಈಗ ಎಲ್ಲಿದ್ದ?"

"ನಿನ್ನೆದ್ರಿಗೇ ಕೂಕಂಡಿದ್ದ, ಕಣ್ಣ್ ಕಾಂತಿಲ್ಲ್ಯಾ?"

"ಏಳಿ. ಕೈ ಬಿಡ್ಸಿ, ಕಾಂಬ."

ಎದ್ದೆ. ಎಡಗೈ ಸರಾಗವಾಗಿ ಹೋಯಿತು. ಬಲಗೈ ಅರ್ಧಕ್ಕೆ ಹೋಗಿ ನಿಂತಿತು. ಗೋಡೆ ಅಡ್ಡ ಬಂತೆಂದೆ. ಗೋಡೆ ಅಷ್ಟು ದೂರದಲ್ಲಿತ್ತು. ಶೀನ ನಗಲಿಲ್ಲ. ಮೂಲೆಯಿಂದ ಹೊಸ ಹಗ್ಗ ತಂದು ಆ ಬೆರಳಿಂದ ಈ ಬೆರಳಿಗೆ ಹಿಡಿದ, ಗಂಟು ಹಾಕಿದ. ಎದೆಗೆ ಸುತ್ತಿದ.

"ಉಸ್ರ್ ಎಳಿರಿ." ಗಂಟು. "ಬಿಡಿ." ಗಂಟು. ಎರಡರ ನಡುವಿನ ಸಂದನ್ನು ಬೆರಳಲ್ಲಿ ನೋಡಿ ಹುಬ್ಬೇರಿಸಿದ. "ಉಸ್ರ್ ಮಾತ್ರ ಹಾಂಗೇ ಇತ್ತ್ ಮರ್ರೆ! ಸುಳ್ಳ್ ಹೇಳಿ ಹೇಳಿ ಗಟ್ಟಿ ಆಯ್ತ್ ಕಾಂತ್." ಆಮೇಲೆ ಕೈಯ ಅಳತೆಯನ್ನು ನೆಲದ ಮೇಲೆ ಹಾಸಿದ. ಪಕ್ಕದಲ್ಲಿ ನನ್ನ ಕಪ್ಪು ಹಗ್ಗ ಹಾಸಿದ. ಹೊಸತು ಅದರ ಮುಂದೆ ತಮ್ಮನ ಹಾಗೆ ಕಂಡಿತು.

"ಈ ಅಳತಿಗ್ ದೋಣಿ ಆತಿಲ್ಲೆ ಬಚ್ಚಣ್ಣ. ತೊಟ್ಲ್ ಆತ್ತ್."

ಗಣೇಶ ಗೊಳ್ಳೆಂದು ನಕ್ಕ. ನನ್ನ ಮುಖ ನೋಡಿ ತಕ್ಷಣ ನಿಲ್ಲಿಸಿದ.

"ಹಳಿ ಅಳತಿಗೇ ಕಟ್ಟ್," ಎಂದೆ.

"ಕಟ್ರೆ ಅದ್ರಂಗೆ ಕೂಕಂಬುದ್ ಯಾರ್? ಹಾಯಿ ಹಗ್ಗ ಎಳುದ್ ಯಾರ್? ನೀವ್ ಆ ಕೈಯಂಗೆ ಹೊಳಿಗಿಳ್ದ್ರೆ, ಮಗುಚಿ ಬಿದ್ದ್, ದೋಣಿ ಕಟ್ಟದ್ ಶೀನ ಅಂಬ್ರ್."

"ಹತ್ತುವವ್ರಿಲ್ದ ದೋಣಿ ಇಲ್ಲ್ ಕಟ್ತಿಲ್ಲ್ಯಾ?"

ಅವನು ಕಿಟಕಿಯಾಚೆ ನೋಡಿದ. "ಅದ್ ಕೆಲ್ಸ. ದೋಣಿ ಅಲ್ಲ." ಮೂಲೆಯಿಂದ ಇನ್ನೊಂದು ಹಗ್ಗ ತೆಗೆದು ನನ್ನ ಕೈಯಲ್ಲಿಟ್ಟ, ಗಂಟಿಲ್ಲದ್ದು. "ಊರಂಗೆ ಒಬ್ಬ ಕೈ ಇಪ್ಪವ್ನ ಹುಡ್ಕಿ. ಹಾಯಿ ಬಿಡ್ತೆ ಅಂಬವ್ನ. ಒಬ್ಬ ಸಾಕ್. ಅಳತಿ ಕಳ್ಸಿ. ಕಳ್ಸಿದ್ ದಿನ ಹೊರ್ಡತೆ."

ಹೊರಡುವಾಗ ಅಂಗಳದ ಬಾಗಿಲವರೆಗೆ ಬಂದ. ಕೊಡತಿ ಅವನ ಕೈಯಲ್ಲೇ ಇತ್ತು.

ಮರಳಿ ಊರು: ಬೈಂದೂರಿಂದ ಬ್ರಹ್ಮಾವರ

ಕೈ ಇರುವವನೊಬ್ಬನನ್ನು ಹುಡುಕುವುದು ಯಾವ ದೊಡ್ಡ ಕೆಲಸ ಎಂದುಕೊಂಡೆ. ಮಸ್ಕತ್ತಿನಲ್ಲಿ ಬಂದಿಳಿದ ಗಳಿಗೆಯಲ್ಲೇ ಇಬ್ಬರು ಸಿಕ್ಕಿದ್ದರಲ್ಲ.

ಮೊದಲು ಬೈಂದೂರು. ಫೈಬರ್ ದೋಣಿಯ ಇಂಜಿನು ಬಿಚ್ಚಿ ಕೂತಿದ್ದ ಒಬ್ಬ ಹರೆಯದವನು ಸಿಕ್ಕಿದ, ಬಾಗಿಲಿನಷ್ಟು ಅಗಲದ ಭುಜ.

"ಹಾಯಿಯಾ? ಗಾಳಿ ಬರ್ಲಿಲ್ಲೆ ಅಂದ್ರೆ ಎಂತ ಮಾಡುದ್ ಅಜ್ಜಯ್ಯ?"

"ಕೂಕಂಬುದ್."

"ಕೂಕಂಡ್ ಎಂತ ಮಾಡುದ್?"

ಗಾಳಿ ಬರುವವರೆಗೆ ಹೊಳೆಯ ನಡುವೆ ಕೂತು, ಪಕ್ಕದ ದೋಣಿಯವನ ಹೆಂಡತಿಯ ಅಡುಗೆಯನ್ನು ಹೀಗಳೆಯುತ್ತಿದ್ದೆವು, ಅದೇ ಆಟ. ಅವನಿಗೆ ಅದು ತಿಳಿಯಲಿಲ್ಲ. ಅವನು ಇಂಜಿನು ಎಳೆದ, ಹೊಗೆ ನನ್ನ ಮುಖಕ್ಕೆ ಬಂತು.

ತ್ರಾಸಿಯಲ್ಲಿ ರೆಸಾರ್ಟ್ ನಡೆಸುವವನೊಬ್ಬ ಬಹಳ ಮರ್ಯಾದೆಯಿಂದ ಕೂರಿಸಿ ಎಳನೀರು ಕೊಟ್ಟ. ಮರದ ದೋಣಿ ಖಂಡಿತ ಬೇಕೆಂದ. ಅರ್ಧಕ್ಕೆ ಕೊಯ್ದು ಮಣ್ಣು ತುಂಬಿ ದಾಸವಾಳ ನೆಡಲು. ಎಳನೀರು ಅರ್ಧಕ್ಕೇ ಬಿಟ್ಟು ಎದ್ದೆ. ಕುಂದಾಪುರದಲ್ಲಿ ನನ್ನ ಜೊತೆ ಓಟಕ್ಕೆ ಬರುತ್ತಿದ್ದವರ ಮಕ್ಕಳು ಮೊಮ್ಮಕ್ಕಳನ್ನು ಕೇಳಿದೆ. ಕೆಲವರಿಗೆ ಈಜು ಬಾರದು. ಹೊಳೆಯ ಬದಿಯಲ್ಲೇ ಹುಟ್ಟಿದವರಿಗೆ! ಕೈ ಅಗಲಿಸಿ ಎಂದರೆ, ಅಜ್ಜ ಮತ್ತೆ ಏನೋ ಕೀಟಲೆ ತೆಗೆದ ಎಂದು ಕೈ ಕಟ್ಟಿಕೊಂಡು ದೂರ ನಿಂತರು. ಜೀವಮಾನವಿಡೀ ಮಾಡಿದ ತಮಾಷೆಯ ಫಲ. ನಾನು ನಿಜ ಹೇಳಿದಾಗ ಊರೇ ನಕ್ಕಿತು.

ಬ್ರಹ್ಮಾವರದ ಕಡೆಯೂ ಅದೇ ಕತೆ. ಸೋತು ಬಸ್ಸಿಗೆ ಕಾಯುತ್ತಿದ್ದಾಗ, ರಸ್ತೆಬದಿಯ ನೆಲಗಡಲೆ ಗದ್ದೆಯಲ್ಲಿ ಒಬ್ಬ ಕಂಡ. ಗಟ್ಟಿ ಆಳು. ಎರಡೂ ಕೈ ಚೆನ್ನಾಗಿ ಅಗಲಿಸಿ, ಯಾರು ಬೇಕಾದರೂ ಬಂದು ಅಳೆಯಿರಿ ಎಂಬಂತೆ ನಿಂತಿದ್ದ. ಬೆರ್ಚಪ್ಪ, ಹಕ್ಕಿ ಬೆದರಿಸುವ ಹುಲ್ಲಿನ ಬೊಂಬೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ನನ್ನೆದುರು ಕೈ ಅಗಲಿಸಿ ನಿಂತವನು ಅವನೊಬ್ಬನೇ. ಗದ್ದೆಗಿಳಿದು ಹಗ್ಗ ಹಿಡಿದೆ.

ಗದ್ದೆಯ ಹೆಂಗಸು ಕಳೆ ಕೀಳುವುದು ಬಿಟ್ಟು ಎದ್ದಳು. "ಎಂತ ಅಜ್ಜಯ್ಯ, ಬೆರ್ಚಪ್ಪಂಗ್ ಅಂಗಿ ಹೊಲ್ಸ್ತ್ರ್ಯಾ?"

"ಹೌದ್ ಮಗಾ. ಅವಂಗ್ ಮದಿ ಇತ್ತ್, ಹೆಣ್ಣ್ ನಿಶ್ಚಯ ಆಯ್ತ್."

ಕೈಯ ಗಂಟು ಅವನದ್ದಾಯಿತು. ಎದೆಯಲ್ಲಿ ಹುಲ್ಲು, ಉಸಿರು ಎಲ್ಲಿಂದ ತರುವುದು? ಹಗ್ಗವನ್ನು ನನ್ನ ಎದೆಗೇ ಸುತ್ತಿ, ಎಳೆದು ಒಂದು, ಬಿಟ್ಟು ಒಂದು ಗಂಟು ಹಾಕಿದೆ. ಮಸ್ಕತ್ತಿಗೆ, ಗಣೇಶನ ಹೋಟೆಲಿಗೆ ಹೊರಟಿದ್ದ ಒಬ್ಬನ ಕೈಯಲ್ಲಿ ಶೀನನಿಗೆ ಕಳಿಸಿದೆ. ಒಮ್ಮೆ ಶೀನ ಊರಿಗೆ ಬಂದು ಹೊಳೆ ನೋಡಿದರೆ ಸಾಕು, ಹಲಗೆ ಮುಟ್ಟದೆ ಇರುತ್ತಾನಾ? ಅದು ನನ್ನ ಲೆಕ್ಕಾಚಾರ.

ಶೀನನ ಫೋನು ಬಂತು.

"ಯಾರ್ ಬಚ್ಚಣ್ಣ ಆಳ್?"

"ಬ್ರಹ್ಮಾವರ ಬದಿಯವ. ಮಾತ್ ಕಮ್ಮಿ. ಬಿಸ್ಲ್, ಗಾಳಿ ಎಂತಕ್ಕೂ ಹೆದ್ರುವವ ಅಲ್ಲ."

"ಎಡಗೈ ಬಲಗೈ ಎರಡೂ ನೂಲ್ ಹಿಡ್ದಾಂಗೆ ಸಮ ಇತ್ತ್. ದೇವ್ರ್ ಮನ್ಷ್ಯರಿಗ್ ಹಾಂಗ್ ಮಾಡುದಿಲ್ಲೆ." ಆಮೇಲೆ ಎದೆಯ ಗಂಟುಗಳಿಗೆ ಬಂದ. "ಉಸ್ರ್ ನಿಮ್ದ್. ನಾನೇ ಅಳೆದ್ದಲ್ದಾ, ನಂಗ್ ಗೊತ್ತಾತಿಲ್ಲ್ಯಾ?"

ನಾನು ನಗಲು ನೋಡಿದೆ. ಅವನು ಜೊತೆಗೂಡಲಿಲ್ಲ.

"ಬೆರ್ಚಪ್ಪಂಗ್ ದೋಣಿ ಕಟ್ಟುದಾರೆ ನಾ ಇಲ್ಲೇ ಕಟ್ತಾ ಇದ್ದೆ ಬಚ್ಚಣ್ಣ. ಅಷ್ಟಕ್ಕ್ ಅಲ್ಲಿಗ್ ಬರ್ಕಾ?"

"ಹಗ್ಗ ಬಿಸಾಡ್ ಹಾಂಗಾರೆ."

"ಕೈ ಗಂಟ್ ಬಿಚ್ಚಿದ್ದೆ. ಉಸ್ರಿನ್ ಗಂಟ್ ಬಿಚ್ಚುಕ್ ಮನ್ಸಾತಿಲ್ಲೆ. ಇಲ್ಲೇ ಇರ್ಲಿ," ಎಂದು ಫೋನಿಟ್ಟ.

ಮೊನ್ನೆ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋದೆ. ನೆಲಗಡಲೆ ಕಿತ್ತಾಗಿದೆ. ಬೆರ್ಚಪ್ಪನನ್ನೂ ಕಿತ್ತು ಬಚ್ಚಲ ಒಲೆಗೆ ಹಾಕಿರಬೇಕು, ಗದ್ದೆ ಬೋಳಾಗಿತ್ತು. ಶೀನನಿಗೂ ವಯಸ್ಸು ನಿಂತಿಲ್ಲ.

ಇಷ್ಟು ಓದಿದವರಲ್ಲಿ ಭುಜ ನೆಟ್ಟಗಿರುವವರು ಯಾರಾದರೂ ಇದ್ದರೆ ಸಂಜೆ ಹೊತ್ತು ಕೋಡಿಯ ದಂಡೆಗೆ ಬನ್ನಿ. ಗಂಟಿಲ್ಲದ ಇನ್ನೊಂದು ಹಗ್ಗ ನನ್ನ ಕಿಸೆಯಲ್ಲೇ ಇರುತ್ತದೆ. ಈಜು ಬಾರದಿದ್ದರೆ ಕಲಿಸುತ್ತೇನೆ. ಗಾಳಿ ಇಲ್ಲದಾಗ ಕೂರುವುದು ಹೇಗೆಂದೂ ಕಲಿಸುತ್ತೇನೆ. ಇದು ತಮಾಷೆಯಲ್ಲ.